ಆಯಿಲ್ ಕೂಲರಿಗೆ ಒಂದು ಹೊಸ ಮೂತಿ

ಮಾರ್ಚ್ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ನಿಪ್ಪಾಣಿಯಿಂದ ಬೆಳಗಾವಿ ಕಡೆಗೆ ಹೊರಟಿದ್ದ ಬೂದು ಬಣ್ಣದ ಹಳೆಯ ಡೀಸೆಲ್ ಕಾರೊಂದು ತವಂದಿ ಘಾಟಿನ ನಡುವೆ ನಿಂತಿತು. ತಾನಾಗಿ ನಿಂತದ್ದಲ್ಲ, ನಿಲ್ಲಿಸಿದ್ದು. ಎಣ್ಣೆ ಡಬ್ಬಿಯ ಚಿತ್ರವಿರುವ ಕೆಂಪು ದೀಪ ಹತ್ತಿದ ಕೂಡಲೇ ಚಾಲಕಿ ಎಂಜಿನ್ ಬಂದ್ ಮಾಡಿದ್ದರು. ಕಾರಿನ ಹಿಂದೆ ರಸ್ತೆಯ ಮೇಲೆ ಉದ್ದಕ್ಕೆ ಕಪ್ಪು ಎಣ್ಣೆಯ ಗೆರೆ. ಒಳಗಿದ್ದವರು ಇಬ್ಬರು. ಯಾರಿಗೂ ಏನೂ ಆಗಲಿಲ್ಲ.

ಇದು ಸುದ್ದಿಯಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತಿದ್ದರೆ ನಾನೂ ಇದನ್ನು ಪಕ್ಕಕ್ಕಿಡುತ್ತಿದ್ದೆ. ಆದರೆ ಚಾಲಕಿ ನನ್ನ ಅಣ್ಣನ ಹೆಂಡತಿ, ಅಕ್ಕೋಳದ ಶಾಲನ ವೈನಿ. ಹಿಂದಿನ ಸೀಟಿನಲ್ಲಿದ್ದವಳು ಅವರ ಮೊಮ್ಮಗಳು ಆರೋಹಿ, ನಾಲ್ಕು ವರ್ಷದವಳು.

ಆರೋಹಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಕೂರಿಸಿದರು. ಹೊರಗೆ, ಕೂದಲಿನ ನಡುವೆ, ದುಂಡನೆಯ ಒಂದು ಬಿಲ್ಲೆ ಅಂಟಿಕೊಂಡಿರುತ್ತದೆ. ಬಿಲ್ಲೆ ಇದ್ದರೆ ಕೇಳುತ್ತದೆ, ತೆಗೆದರೆ ಇಲ್ಲ. ಆಪರೇಷನ್ ಆದ ಮೇಲೆ ಮಗು ತಾನಾಗಿ ಮಾತಾಡುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಹಾಗಲ್ಲವಂತೆ. ಕೇಳುವುದನ್ನೂ ಕಲಿಸಬೇಕು, ಆಮೇಲೆ ಮಾತು. ಅದಕ್ಕಾಗಿ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಗಾವಿಯಲ್ಲಿ ತರಗತಿ. ಮಗುವಿನ ಅಪ್ಪ ಇಚಲಕರಂಜಿಯ ಮಿಲ್ಲಿನಲ್ಲಿ ಪಾಳಿಯ ಕೆಲಸದವನು. ಅಮ್ಮ ಅಂಗನವಾಡಿ ಬಿಟ್ಟು ಬರುವಂತಿಲ್ಲ. ಹಾಗಾಗಿ ಅಜ್ಜಿ ಐವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. (ಅಣ್ಣ ಇವತ್ತಿಗೂ ಕಲಿತಿಲ್ಲ. ಎಮ್ಮೆ ನೋಡಿಕೊಳ್ಳಲು ಒಬ್ಬರು ಮನೆಯಲ್ಲಿರಬೇಕಲ್ಲ ಎನ್ನುತ್ತಾನೆ.)

ಬಸ್ಸಿಲ್ಲವೇ? ಇದೆ, ಬೇಕಾದಷ್ಟಿದೆ. ನಾನೂ ಅದೇ ಪ್ರಶ್ನೆ ಕೇಳಿದ್ದೆ. ಬಸ್ಸಿನ ಸದ್ದು ಆ ಯಂತ್ರದಲ್ಲಿ ಹೇಗೆ ಕೇಳುತ್ತದೋ, ಮಗು ಬಿಲ್ಲೆಯನ್ನು ಕಿತ್ತು ಅಜ್ಜಿಯ ಕೈಗೆ ಕೊಟ್ಟುಬಿಡುತ್ತದೆ. ಕಾರಿನಲ್ಲಿ ಹಾಗಲ್ಲ. ಗಾಜು ಏರಿಸಿದರೆ ಒಳಗೆ ಒಂದು ಸಣ್ಣ ಕೋಣೆಯಷ್ಟು ಶಾಂತಿ. ಹೋಗುವಾಗ ಬರುವಾಗ ಅಜ್ಜಿ ಕಂಡದ್ದನ್ನೆಲ್ಲ ಹೇಳುತ್ತಾರೆ, ಮೊಮ್ಮಗಳು ಮರಳಿ ಹೇಳುತ್ತಾಳೆ. ಅರ್ಧ ಪಾಠ ನನ್ನ ಕೋಣೆಯಲ್ಲಿ ಆಗುತ್ತದೆ, ಇನ್ನರ್ಧ ನಿಮ್ಮ ಕಾರಿನಲ್ಲಿ ಎಂದು ತರಗತಿಯ ಟೀಚರೇ ಹೇಳಿದ್ದಾರಂತೆ.

ಆದ್ದರಿಂದ ಅವತ್ತು ಘಾಟಿನಲ್ಲಿ ನಿಂತದ್ದು ಬರೀ ಕಾರಲ್ಲ.

*

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ನಿಪ್ಪಾಣಿಗೆ ತಂದರು. ಚಿಕ್ಕೋಡಿಯಿಂದ ನಾನು ಹೋಗುವ ಹೊತ್ತಿಗೆ ಗ್ಯಾರೇಜಿನ ಯುನೂಸ್ ಮೇಸ್ತ್ರಿ ಅದರ ಮುಂಭಾಗ ಬಿಚ್ಚಿ, ಪುಸ್ತಕದಷ್ಟು ಅಗಲದ ಒಂದು ಜಾಳಿಗೆಯಂಥ ವಸ್ತುವನ್ನು ಹೊರಗಿಟ್ಟಿದ್ದ. ಅದು ಆಯಿಲ್ ಕೂಲರ್. ಎಂಜಿನ್ನಿನೊಳಗೆ ಕಾದ ಎಣ್ಣೆ ಒಂದು ಪೈಪಿನಲ್ಲಿ ಇಲ್ಲಿಗೆ ಬರುತ್ತದೆ, ಎದುರು ಗಾಳಿಗೆ ತಣಿದು ಇನ್ನೊಂದು ಪೈಪಿನಲ್ಲಿ ಮರಳಿ ಹೋಗುತ್ತದೆ. ಪೈಪು ತಿರುಗಿಸಿ ಕೂರಿಸಲು ಕೂಲರಿನ ಎರಡು ತುದಿಗೆ ಎರಡು ಸಣ್ಣ ಮೂತಿಗಳು. ಅವುಗಳಲ್ಲಿ ಒಂದರ ಬುಡ ಸೀಳಿತ್ತು. ಸೀಳು ಎಂದರೆ ಉಗುರಿನಿಂದ ಗೀರಿದಷ್ಟು. ಅಷ್ಟರಿಂದಲೇ ಎಣ್ಣೆಯೆಲ್ಲ ರಸ್ತೆಗೆ.

ಹೊಸ ಕೂಲರ್ ತರಿಸಿದರಾಯಿತು ಎಂದೆ. ಮೇಸ್ತ್ರಿ ನಕ್ಕ. ಆ ಮಾಡೆಲ್ಲಿನ ಕಾರು ಬರುವುದು ನಿಂತು ಬಹಳ ಕಾಲವಾಗಿದೆ. ಹಳೆಯದೊಂದು ಎಲ್ಲಾದರೂ ಸಿಗಬಹುದು, ಒಂದು ತಿಂಗಳೂ ಆಗಬಹುದು. ಒಂದು ತಿಂಗಳೆಂದರೆ ಎಂಟೋ ಒಂಬತ್ತೋ ತರಗತಿ. ವೈನಿ ಆಗಲೇ ಬೆರಳು ಮಡಚಿ ಎಣಿಸಿದ್ದರು.

‘ಸೀಳಿದ್ದನ್ನ ಕಟ್ ಮಾಡಿ ಹೊಸಾ ಮೂತಿ ಬೆಸಸೂದ ಒಂದ ದಾರಿ,’ ಎಂದ ಮೇಸ್ತ್ರಿ. ‘ವೆಲ್ಡ್ ಆನ್ ಫಿಟಿಂಗ್ ಅಂತಾರ್ರಿ. ಹತ್ತ ನಮೂನಿ ಬರ್ತಾವ. ನನಗ ಎರಡ ಗಾಡಿ ಬಿಚ್ಚಿ ಬಿದ್ದಾವ. ನೀವ ಹುಡುಕಿ ತರ್ರಿ.’

ನನಗೆ ಕಾರಿನ ಬಗ್ಗೆ ಗೊತ್ತಿರುವುದು ಎರಡೇ. ಡೀಸೆಲ್ ಹಾಕಿಸುವುದು ಮತ್ತು ಕೆಟ್ಟಾಗ ತಳ್ಳುವುದು. ಆದರೆ ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವ ಕೆಲಸವನ್ನೇ ಇಷ್ಟು ವರ್ಷ ಮಾಡಿದವನು ನಾನು. ನಮ್ಮ ಕಸುಬಿನ ನಿಯಮ ಸರಳ. ಒಬ್ಬರು ಹೇಳಿದರೆ ಮಾತು, ಮೂವರು ಹೇಳಿದರೆ ಸುದ್ದಿ. ಮೂವರನ್ನು ಕೇಳುವುದು ಎಂದುಕೊಂಡೆ.

ಬುಧವಾರ ಬೇರೆ ಕೆಲಸಕ್ಕೆ ರಾಯಬಾಗಕ್ಕೆ ಹೋಗುವುದಿತ್ತು. ಅಲ್ಲಿ ನನಗೆ ಪರಿಚಯದ ಒಂದು ಹೈಡ್ರಾಲಿಕ್ ಪೈಪಿನ ಅಂಗಡಿ ಇದೆ. ಪರಸಪ್ಪನದು. ಕಬ್ಬಿನ ಟ್ರಾಲಿಯನ್ನು ಎತ್ತಿ ಸುರಿಯುವ ಜಾಕಿಗೆ ಬೇಕಾದ ಪೈಪು, ನಟ್ಟು, ನಿಪ್ಪಲ್ಲು ಎಲ್ಲ ಅಲ್ಲಿ ಸಿಗುತ್ತವೆ. ಸುಗ್ಗಿ ಮುಗಿಯುವ ಹೊತ್ತಾದರೂ ಅಂಗಡಿ ಮುಂದೆ ಟ್ರ್ಯಾಕ್ಟರುಗಳು ನಿಂತಿದ್ದವು. ಮೊಬೈಲಿನಲ್ಲಿದ್ದ ಫೋಟೊ ತೋರಿಸಿದೆ. ಪರಸಪ್ಪ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಲೋಡ್? ನನಗೆ ಗೊತ್ತಿರಲಿಲ್ಲ. ಅವನು ಪೈಪು ಜೋಡಿಸುವ, ಹೆಬ್ಬೆರಳಿನಷ್ಟು ದಪ್ಪದ ಒಂದು ನಿಪ್ಪಲ್ ತೆಗೆದು ಟೇಬಲ್ಲಿನ ಮೇಲೆ ಠಣ್ ಎಂದು ಇಟ್ಟ.

‘ಇದನ್ನ ಬೆಸಿಸಿ ಬಿಡ್ರಿ. ಕಬ್ಬ ತುಂಬಿದ ಟ್ರಾಲಿ ಎತ್ತತೈತಿ ಇದು. ನಿಮ್ಮ ಕಾರ್ ಯಾವ ಲೆಕ್ಕ?’ ಆಮೇಲೆ ನೆನಪಾದವನಂತೆ ಕೇಳಿದ: ‘ಹ್ವಾದ ವರ್ಷ ನಮ್ಮಲ್ಲೇ ಪೈಪ್ ಒಯ್ದಿದ್ರಿ. ಹೆಂಗ ಐತಿ ಅದು?’

‘ಗಟ್ಟಿ ಐತಿ,’ ಎಂದೆ. ನಿಜವೇ ಹೇಳಿದ್ದೆ.

ಎರಡನೆಯವರು ಅಥಣಿಯ ನನ್ನ ಗೆಳೆಯರು, ದ್ರಾಕ್ಷಿ ಬೆಳೆಗಾರರು. ಫೋನಿನಲ್ಲೇ ಪರಿಹಾರ ಕೊಟ್ಟರು. ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿಗೆ ಹಾಕುವ ಹಿತ್ತಾಳೆ ಫಿಟಿಂಗ್ ಇದೆಯಲ್ಲ, ಅದಕ್ಕಿಂತ ಒಳ್ಳೆಯದು ಜಗತ್ತಿನಲ್ಲಿಲ್ಲ. ತುಕ್ಕು ಹಿಡಿಯುವುದಿಲ್ಲ, ಸೋರುವುದಿಲ್ಲ, ತಮ್ಮ ತೋಟದಲ್ಲಿ ಅಪ್ಪನ ಕಾಲದ್ದು ಇನ್ನೂ ಇದೆ. ನಾಲ್ಕು ಫೋಟೊ ಕಳಿಸಿದರು, ಐದನೆಯದು ಈ ವರ್ಷದ ಗೊಂಚಲಿನದು. ಮೂರನೆಯವರು ಕಾಗವಾಡದ ಒಬ್ಬ ಓದುಗರು, ಇನ್ನೊಂದು ವಿಷಯಕ್ಕೆ ಫೋನ್ ಮಾಡಿದವರು. ಮೂತಿಯನ್ನೇ ಬದಲಿಸುವುದು ಯಾಕೆ, ಬೋರ್‌ವೆಲ್ ಪೈಪಿಗೆ ಬಳಿಯುವ ಅಂಟು ಮೆತ್ತಿದರೆ ಸಾಕು ಎಂದರು.

ಕಬ್ಬಿನವರು ಕಬ್ಬಿನದು ಹೇಳಿದರು. ದ್ರಾಕ್ಷಿಯವರು ದ್ರಾಕ್ಷಿಯದು. ಬೋರ್‌ವೆಲ್ಲಿನವರು ಬೋರ್‌ವೆಲ್ಲಿನದು. ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಮೂವರೂ ಒಂದು ಮಾತಿನಲ್ಲಿ ಒಪ್ಪಿದ್ದರು: ಗಟ್ಟಿ ಇರಬೇಕು. ನನಗೂ ಸರಿ ಅನ್ನಿಸಿತು. ಪರಸಪ್ಪನ ನಿಪ್ಪಲ್ ಜೇಬಿನಲ್ಲಿಟ್ಟುಕೊಂಡು ಬಂದೆ. ಅದರ ಭಾರಕ್ಕೆ ಅಂಗಿ ಒಂದು ಕಡೆ ಜಗ್ಗಿತ್ತು.

*

ಗುರುವಾರ ಅದನ್ನು ನೋಡಿದ ಯುನೂಸ್ ಮೇಸ್ತ್ರಿ ತಲೆ ಕೆರೆದುಕೊಂಡ. ಕೂಲರ್ ಅಲ್ಯುಮಿನಿಯಂ, ತನ್ನಲ್ಲಿರುವ ಮಷೀನು ಕಬ್ಬಿಣಕ್ಕೆ. ಅಲ್ಯುಮಿನಿಯಂ ಬೆಸೆಯುವವರು ಕೊಲ್ಲಾಪುರದಲ್ಲಿರಬಹುದು ಎಂದ. ಆಗ ವೈನಿ ಬಾಯಿ ಬಿಟ್ಟರು.

‘ಕೊಲ್ಲಾಪುರ ಯಾಕ ಬೇಕು? ನಮ್ಮ ದತ್ತಾ ಮಾಮಾ ಹಾಲಿನ ಕ್ಯಾನ್ ಬೆಸೀತಾರಲ್ಲ. ಅವು ಅಲ್ಯುಮಿನಿಯಂ ಅಲ್ಲೇನು?’

ಇಷ್ಟು ಹೊತ್ತು ನಾವು ಇಬ್ಬರು ಗಂಡಸರು ಅವರ ಕಾರಿನ ಬಗ್ಗೆ ಮಾತಾಡುತ್ತಿದ್ದೆವು. ಅವರನ್ನು ಕೇಳಿರಲಿಲ್ಲ.

ಅಕ್ಕೋಳದ ದತ್ತಾ ಮಾಮಾನ ಶೆಡ್ಡು ಹಾಲು ಹಾಕುವ ಡೇರಿಯ ಪಕ್ಕದಲ್ಲೇ ಇದೆ. ವಯಸ್ಸು ಅರವತ್ತು ದಾಟಿದೆ. ಸುತ್ತಲಿನ ಊರುಗಳ ಸೀಳಿದ ಕ್ಯಾನುಗಳು ಅಲ್ಲಿಗೆ ಬರುತ್ತವೆ. ಈಗ ಸ್ಟೀಲಿನ ಕ್ಯಾನು ಬಂದು ಕೆಲಸ ಕಡಿಮೆಯಾಗಿದೆ ಎಂದರು, ಆದರೆ ಬೇಸರವಿರಲಿಲ್ಲ. ನಾನು ಕೊಟ್ಟ ನಿಪ್ಪಲ್ಲನ್ನು ನೋಡಲೂ ಇಲ್ಲ. ಗೋಡೆಗೆ ಅಂಟಿಸಿದ್ದ ಒಂದು ಅಯಸ್ಕಾಂತ ಕಿತ್ತು ಅದಕ್ಕೆ ಹಿಡಿದರು. ಟಪ್ ಎಂದು ಅಂಟಿತು. ಕೂಲರಿಗೆ ಹಿಡಿದರು. ಜಾರಿ ಕೆಳಗೆ ಬಿತ್ತು.

‘ಈ ಎರಡಕ್ಕೂ ಸೋಯರಿಕಿ ಬೀಗತನ ಆಗೂದಿಲ್ರಿ, ಪೇಪರ್ ಸಾಹೇಬ್ರ. ಕಬ್ಬಿಣ ಕಬ್ಬಿಣಕ್ಕ ಹತ್ತತೈತಿ. ಅಲ್ಯುಮಿನಿಯಂಗ ಅಲ್ಯುಮಿನಿಯಂನ ಬೇಕ.’

ಹಿತ್ತಾಳೆ? ಅದೂ ಇಲ್ಲ. ಮೂರು ಮೂಲಗಳಲ್ಲಿ ಎರಡು ಎರಡೇ ನಿಮಿಷದಲ್ಲಿ ಬಿದ್ದುಹೋದವು. ಮೂರನೆಯದನ್ನು ಹೇಳಲು ನನಗೆ ಧೈರ್ಯವಾಗಲಿಲ್ಲ.

ನಂತರ ಮಾಮಾ ಕೂಲರನ್ನು ಬಿಸಿಲಿಗೆ ಹಿಡಿದು ಸೀಳನ್ನು ನೋಡತೊಡಗಿದರು. ಬಹಳ ಹೊತ್ತು ನೋಡಿದರು. ಹಾಲಿನ ಕ್ಯಾನ್ ಎಲ್ಲಿ ಸೀಳುತ್ತದೆ ಗೊತ್ತೇ ಎಂದು ಕೇಳಿದರು. ತಳದಲ್ಲಿ ಎಂದೆ, ದಿನಾ ನೆಲಕ್ಕೆ ಕುಕ್ಕುತ್ತಾರಲ್ಲ. ಅಲ್ಲ. ಹಿಡಿಕೆಯ ಬುಡದಲ್ಲಿ. ಕುಕ್ಕುವುದನ್ನು ಕ್ಯಾನ್ ತಾಳಿಕೊಳ್ಳುತ್ತದೆ, ದಿನಾ ಎರಡು ಹೊತ್ತು ಒಂದೇ ಕಡೆ ಜಗ್ಗುವುದನ್ನು ತಾಳುವುದಿಲ್ಲ. ಈ ಮೂತಿಯ ಸೀಳೂ ಸುತ್ತಲೂ ಇಲ್ಲ, ಮೇಲ್ಗಡೆ ಮಾತ್ರ ಇದೆ. ಅಂದರೆ ಯಾವುದೋ ಇದನ್ನು ಕೆಳಕ್ಕೆ ಜಗ್ಗಿದೆ.

‘ಇದು ತಾನ ಮುರದದ್ದಲ್ರಿ. ಮುರಸಿದ್ದು,’ ಎಂದರು. ‘ಇದಕ್ಕ ಹಾಕಿದ್ದ ಪೈಪ್ ಎಲ್ಲೈತಿ?’

ಪೈಪನ್ನು ಯಾರೂ ನೋಡಿರಲಿಲ್ಲ. ಅದು ಮುರಿದಿರಲಿಲ್ಲವಲ್ಲ.

ಮಾಮಾನನ್ನು ಕರೆದುಕೊಂಡು ಮತ್ತೆ ಗ್ಯಾರೇಜಿಗೆ ಬಂದೆವು. ಯುನೂಸ್ ಪೈಪು ಬಿಚ್ಚಿ ಕೊಟ್ಟ. ಮೊಳದುದ್ದದ ಕಪ್ಪು ಪೈಪು, ಒಳಗೆ ಎರಡು ಸುತ್ತು ತಂತಿಯ ಬಲೆ. ಮಾಮಾ ಅದನ್ನು ನನ್ನ ಕೈಗೆ ಕೊಟ್ಟು ಬಗ್ಗಿಸಿ ಎಂದರು. ಬಗ್ಗಲಿಲ್ಲ. ಮೊಣಕಾಲಿಗೆ ಒತ್ತಿ ಹಿಡಿದೆ, ಆಗಲೂ ಇಲ್ಲ. ಅಷ್ಟರಲ್ಲಿ ಮೇಸ್ತ್ರಿಗೆ ವಿಷಯ ಹೊಳೆದಿತ್ತು. ಅವನು ಎಂಜಿನ್ ಮೇಲೆ ಕೈಯಿಟ್ಟು ಜೋರಾಗಿ ಅಲುಗಿಸಿದ. ಎಂಜಿನ್ ಎರಡು ಬೆರಳಿನಷ್ಟು ಆಚೀಚೆ ಹೊರಳಿತು. ಅದು ರಬ್ಬರಿನ ಮೇಲೆ ಕೂತಿರುತ್ತದೆ, ಅಲುಗಾಡಬೇಕಾದದ್ದೇ. ಕೂಲರ್ ಮಾತ್ರ ಕಾರಿನ ಚೌಕಟ್ಟಿಗೆ ಬಿಗಿದಿದೆ, ಅಲುಗುವುದಿಲ್ಲ. ನಡುವೆ ಇರುವ ಪೈಪು ಬಳುಕಬೇಕು. ಬಳುಕದಿದ್ದರೆ? ಎಂಜಿನ್ನಿನ ಪ್ರತಿ ಹೊರಳಾಟವೂ ನೇರವಾಗಿ ಆ ಸಣ್ಣ ಮೂತಿಗೆ. ಘಾಟ್ ಹತ್ತುವಾಗ ಇನ್ನೂ ಹೆಚ್ಚು. ವಾರಕ್ಕೆ ಎರಡು ಸಲ, ಒಂದು ವರ್ಷ.

‘ಹಾಕುವಾಗ ನಾನೂ ನೋಡಿದ್ನಿ,’ ಎಂದ ಯುನೂಸ್, ಯಾರ ಮುಖವನ್ನೂ ನೋಡದೆ. ‘ಟ್ರಾಲಿದು, ಗಟ್ಟಿ ಐತಿ ಅಂತ ಸುಮ್ಮನಾದ್ನಿ.’

ವೈನಿ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ಭಾವಜಿ,’ ಎಂದರು. (ಗಂಡನ ತಮ್ಮನನ್ನು ನಮ್ಮ ಕಡೆ ಹೀಗೆ ಕರೆಯುತ್ತಾರೆ. ಪ್ರೀತಿಯಿಂದಲೂ ಕರೆಯಬಹುದು, ಬೇರೆ ರೀತಿಯಿಂದಲೂ.) ‘ಈ ಪೈಪ್ ತಂದವರು ಯಾರು?’

ನಾನು. ಹೋದ ವರ್ಷ ಹಳೆಯ ರಬ್ಬರ್ ಪೈಪು ಸ್ವಲ್ಪ ಜಿನುಗುತ್ತಿದೆ ಎಂದಾಗ ರಾಯಬಾಗದಿಂದ ಇದನ್ನು ತಂದುಕೊಟ್ಟವನು ನಾನೇ. ಇನ್ನು ನಿಮ್ಮ ಆಯುಷ್ಯಪೂರ್ತಿ ನೋಡುವ ಹಾಗಿಲ್ಲ ಎಂದೂ ಹೇಳಿದ್ದೆ. ಪೈಪಿನ ಮಟ್ಟಿಗೆ ಆ ಮಾತು ಸುಳ್ಳಾಗಿರಲಿಲ್ಲ.

ದಾಖಲೆಗೆ ಇಷ್ಟು ಹೇಳಬೇಕು. ಪರಸಪ್ಪ ನನಗೆ ಮೋಸ ಮಾಡಿಲ್ಲ. ಆ ಪೈಪು ಟ್ರಾಲಿಗೆ ಒಳ್ಳೆಯದೇ. ಯಾತಕ್ಕೆ ಬೇಕು ಎಂದು ಅವನು ಕೇಳಿದ್ದ, ಎಣ್ಣೆ ಪೈಪು ಎಂದಷ್ಟೇ ನಾನು ಹೇಳಿದ್ದೆ. ಅಲುಗಾಡುವುದು ಯಾವುದು, ಅಲುಗದ್ದು ಯಾವುದು ಎಂಬ ಪ್ರಶ್ನೆ ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ನಮ್ಮ ಈ ಐದು ತಾಲ್ಲೂಕುಗಳಲ್ಲಿ ಏನು ಕೊಳ್ಳಲು ಹೋದರೂ ಮೊದಲ ಪ್ರಶ್ನೆ ಒಂದೇ: ಗಟ್ಟಿ ಐತೇನು? ಮಂಚಕ್ಕೂ ಅದೇ, ಚಪ್ಪಲಿಗೂ ಅದೇ, ವರನಿಗೂ ಅದೇ. ನಾನು ಚಿಕ್ಕೋಡಿಯಲ್ಲಿ ಮನೆ ಕಟ್ಟಿಸುವಾಗ ಗವಂಡಿ ಕೇಳಿದ್ದಕ್ಕಿಂತ ಎರಡು ಸರಳು ಹೆಚ್ಚು ಹಾಕಿಸಿದೆ. ಯಾಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಟನ್‌ಗಟ್ಟಲೆ ಕಬ್ಬು ಎತ್ತುವ ಊರಿನಲ್ಲಿ ಬಳುಕುವ ವಸ್ತು ಎಂದರೆ ಕಳಪೆ ಎಂದೇ ಅರ್ಥ. ಇದನ್ನು ತಪ್ಪು ಅನ್ನುವುದೋ, ಅಭ್ಯಾಸ ಅನ್ನುವುದೋ?

ಆರೋಹಿಯ ವಿಷಯದಲ್ಲೂ ನಾವು ಇದನ್ನೇ ಮಾಡಿದ್ದೆವು. ಮಗುವಿಗೆ ಕಿವಿ ಕೇಳುವುದಿಲ್ಲ ಎಂದು ಮನೆಗೆ ಬಂದವರೆಲ್ಲ ಅದರ ಮುಂದೆ ಜೋರಾಗಿ ಕೂಗುತ್ತಿದ್ದೆವು. ಕೂಗಬೇಡಿ, ಹತ್ತಿರ ಕೂತು ಮೆಲ್ಲಗೆ ಮಾತಾಡಿ ಎಂದು ಟೀಚರ್ ಹೇಳಿಕಳಿಸಿದ ಮೇಲೆ ನಿಂತಿತು. ಅಣ್ಣನದು ಇನ್ನೂ ಪೂರ್ತಿ ನಿಂತಿಲ್ಲ.

*

ಶುಕ್ರವಾರ ವೈನಿ ಬಸ್ಸಿನಲ್ಲೇ ಹೋದರು. ಮಂಗಳವಾರದ ತರಗತಿ ತಪ್ಪಿತ್ತು, ಇದನ್ನೂ ತಪ್ಪಿಸಲು ಮನಸ್ಸಿರಲಿಲ್ಲ. ಸಂಕೇಶ್ವರ ಬರುವ ಮೊದಲೇ ಆರೋಹಿ ಬಿಲ್ಲೆ ಕಿತ್ತಳು. ಬೆಳಗಾವಿಯ ತರಗತಿಯಲ್ಲಿ ಹಾಕಿಸಿಕೊಳ್ಳಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ಶನಿವಾರ ಇಡೀ ದಿನ ಅದನ್ನು ಕಂಡರೆ ಮುಖ ತಿರುಗಿಸಿದಳು. ಎರಡು ವರ್ಷದಲ್ಲಿ ಹೀಗಾಗಿದ್ದು ಇದೇ ಮೊದಲು. ಅದನ್ನು ಹೇಳುವಾಗ ವೈನಿಯ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ನಾನು ಎರಡನೇ ಸಲ ಮೂತಿಯ ಆಯ್ಕೆಗೆ ಕೂತಿದ್ದೆ. ಈ ಸಲ ಕೊಲ್ಲಾಪುರದ ಒಂದು ಅಂಗಡಿಗೆ ಫೋನ್. ರೇಸಿನ ಹುಚ್ಚಿರುವವರ ಕಾರುಗಳಿಗೆ ಸಾಮಾನು ಮಾರುವವರು. ಮಾತು ಮರಾಠಿಯಲ್ಲಿ ನಡೆಯಿತು. ಅಚ್ಚರಿಯೆಂದರೆ ಅವರು ಲೋಡ್ ಎಷ್ಟು ಎಂದು ಕೇಳಲೇ ಇಲ್ಲ. ಕೂಲರ್ ಯಾವ ಲೋಹದ್ದು? ಹಳೆಯ ಮೂತಿಯ ಒಳಗಿನ ತೂತು ಎಷ್ಟು ಅಗಲ? ಪೈಪು ಯಾವ ದಿಕ್ಕಿನಿಂದ ಬರುತ್ತದೆ, ಮೇಲಿನಿಂದಲೋ ಪಕ್ಕದಿಂದಲೋ? ಎಂಜಿನ್ನಿಗೂ ಕೂಲರಿಗೂ ನಡುವೆ ಎಷ್ಟು ಜಾಗ?

ಒಂದೊಂದು ಪ್ರಶ್ನೆಗೂ ಕಾರಣವಿತ್ತು. ಕೇಳಿಸಿಕೊಳ್ಳುತ್ತಾ ಹೋದೆ, ಮಜಾ ಬಂತು. ತೂತು ಹಳೆಯದಕ್ಕಿಂತ ಸಣ್ಣದಾದರೆ ಎಣ್ಣೆಯ ಓಟ ಕಡಿಮೆಯಾಗುತ್ತದೆ, ಎಂಜಿನ್ ಬಾಯಾರುತ್ತದೆ. ಮೂತಿಯ ತುದಿ ಹೊರಕ್ಕೆ ಇಳಿಜಾರಾಗಿದ್ದರೆ ಪೈಪಿನ ತುದಿ ಅದಕ್ಕೆ ಸರಿಯಾಗಿ ಒಳಕ್ಕೆ ಇಳಿಜಾರಾಗಿರಬೇಕು. ಎಣ್ಣೆಯನ್ನು ತಡೆಯುವುದು ಆ ಎರಡು ಇಳಿಜಾರು ಒಂದರ ಮೇಲೊಂದು ಕೂರುವ ಜಾಗ, ನಟ್ಟಿನ ಸುತ್ತುಗಳಲ್ಲ. ಸುತ್ತು ಹೊಂದಿತು ಎಂದ ಮಾತ್ರಕ್ಕೆ ಜೋಡಿ ಹೊಂದಿತು ಎಂದಲ್ಲ. ಪೈಪು ಹೊರಡುವಲ್ಲಿಯೇ ಓರೆಯಾಗಿ ಬಾಗಿದ ತುದಿ ಇದ್ದರೆ ಅದು ಸೆಳೆತವಿಲ್ಲದೆ ಸಡಿಲಾಗಿ ಬಾಗಿ ಬರುತ್ತದೆ. ನೇರವಾದದ್ದನ್ನು ಎಳೆದು ಕೂರಿಸಿದರೆ ಮತ್ತೆ ಅದೇ ಕತೆ.

ಕೊನೆಗೆ ಗೊತ್ತಾದದ್ದು ಇಷ್ಟು. ಹಳೆಯದರಷ್ಟೇ ತೂತಿನ ಗಿಡ್ಡ ಅಲ್ಯುಮಿನಿಯಂ ಮೂತಿ. ಬಾಗಿದ ತುದಿಯ ಒಂದು ಪೈಪು, ರಬ್ಬರಿನದೇ, ಮೇಲೆ ನೂಲಿನ ನೇಯ್ಗೆ, ಬಿಸಿ ಎಣ್ಣೆ ತಾಳುವಂಥದ್ದು. ಶನಿವಾರ ಮಧ್ಯಾಹ್ನ ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಪಾರ್ಸಲ್ ಇಳಿಸಿಕೊಂಡೆ. ಮೂತಿಯನ್ನು ಅಂಗೈ ಮೇಲಿಟ್ಟುಕೊಂಡೆ. ಪೆನ್ನಿನ ಟೋಪಿಯಷ್ಟು ಹಗುರ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ತಿಳಿದ ಮೇಲೂ ನನ್ನ ಕೈ ಅದನ್ನು ನಂಬಲಿಲ್ಲ.

ಬೆಸೆಯುವ ಮೊದಲು ಕೂಲರಿನೊಳಗಿನ ಎಣ್ಣೆ ಹೋಗಬೇಕಿತ್ತು. ಪೆಟ್ರೋಲಿನಿಂದ ತೊಳೆಯೋಣವೇ ಎಂದು ಕೇಳಿದೆ. ಪೆಟ್ರೋಲಿನಿಂದ ತೊಳೆದದ್ದಕ್ಕೆ ಬೆಂಕಿ ಹಿಡಿದವರು ಹುಬ್ಬು ಕಳೆದುಕೊಂಡದ್ದನ್ನು ತಾವು ಕಂಡಿದ್ದಾಗಿ ದತ್ತಾ ಮಾಮಾ ಹೇಳಿದರು. ಬಿಸಿ ನೀರು, ಸೋಪಿನ ಪುಡಿ, ಮತ್ತೆ ಬಿಸಿ ನೀರು. ಹಾಲಿನ ಕ್ಯಾನ್ ತೊಳೆಯುವ ಕ್ರಮವೇ. ತೊಳೆದು ಭಾನುವಾರ ಮಧ್ಯಾಹ್ನದವರೆಗೆ ವೈನಿಯ ಮನೆಯ ಮಾಳಿಗೆಯ ಮೇಲೆ ಒಣಗಿಸಿದೆವು.

ಭಾನುವಾರ ಮೂರು ಗಂಟೆಗೆ ಮಾಮಾ ಕೆಲಸಕ್ಕೆ ಕೂತರು. ಅಲ್ಯುಮಿನಿಯಂಗೆಂದೇ ಬೇರೆ ಇಟ್ಟಿದ್ದ ತಂತಿ ಬ್ರಷ್ಷಿನಿಂದ ಜಾಗವನ್ನು ಹೊಳೆಯುವಂತೆ ಉಜ್ಜಿದರು. ಹೊಸ ಮೂತಿಯ ಸುತ್ತುಗಳು ಕಾವಿಗೆ ಕೆಡದಂತೆ ಅದಕ್ಕೊಂದು ಹಳೆಯ ನಟ್ಟು ತಿರುಗಿಸಿದರು. ಪೈಪನ್ನು ದೂರ ಇಡಿಸಿದರು. ಆಮೇಲೆ ನನಗೂ ವೈನಿಗೂ ಒಂದು ಮಾತು ಹೇಳಿದರು.

‘ಕಬ್ಬಿಣ ಕೆಂಪಾಗತೈತಿ, ಆಮ್ಯಾಲ ಕರಗತೈತಿ. ಹೇಳಿ ಕರಗತೈತಿ ಅದು. ಇದು ಹಂಗಲ್ಲ. ಬಣ್ಣ ಬದಲಾಗೂದಿಲ್ಲ, ಒಮ್ಮಿಗಲೇ ನೀರಾಗಿ ಬೀಳತೈತಿ. ಬಿತ್ತಂದ್ರ ಕೂಲರ್ ಹೋತು. ನಡೀಲೇನು?’

ವೈನಿ ನನ್ನ ಕಡೆ ನೋಡಲಿಲ್ಲ. ಸರಿಯಾಗಿಯೇ ಮಾಡಿದರು. ‘ನಡೀಲಿ, ಮಾಮಾ,’ ಎಂದರು.

ಹೊರಗೆ ಬಂದು ಬೆನ್ನು ಮಾಡಿ ನಿಂತೆವು. ಶೆಡ್ಡಿನೊಳಗಿಂದ ಸಣ್ಣ ಗುಂಯ್ ಸದ್ದು. ಗೋಡೆಯ ಮೇಲೆ ನೀಲಿ ಬೆಳಕು ಹತ್ತುತ್ತಿತ್ತು, ಆರುತ್ತಿತ್ತು. ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಒಳಗೆ ಹೋದಾಗ ಕೂಲರ್ ಇಡಿಯಾಗಿತ್ತು. ಮೂತಿಯ ಬುಡದ ಸುತ್ತ ಒಂದರ ಮೇಲೊಂದು ಕೂತ ಸಣ್ಣ ಸಣ್ಣ ಅಲೆಗಳು.

ಪರೀಕ್ಷೆ ನಡೆದದ್ದು ಎಮ್ಮೆಗೆ ನೀರು ಕುಡಿಸುವ ಬಾನಿಯಲ್ಲಿ. ಒಂದು ಮೂತಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಕೂಲರನ್ನು ನೀರಿನಲ್ಲಿ ಮುಳುಗಿಸಿದರು. ಅಣ್ಣನೂ ಬಂದು ನಿಂತ. ಎಮ್ಮೆಯೂ ನೋಡಿತು. ಏನೂ ಇಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಬೆಸುಗೆಯ ಕೆಳಗಿನಿಂದ ಒಂದೇ ಒಂದು ಗುಳ್ಳೆ ಮೇಲೆ ಬಂತು. ಸಾಸಿವೆಯಷ್ಟು. ಹತ್ತು ಎಣಿಸಿದ ಮೇಲೆ ಇನ್ನೊಂದು.

ಇಷ್ಟು ಸಣ್ಣದು ನಡೆಯುತ್ತದೆ ಎಂದ ಅಣ್ಣ. ಮಾಮಾ ಕೂಲರನ್ನು ಎತ್ತಿ, ಒರೆಸಿ, ಆ ಜಾಗವನ್ನು ಅರದಿಂದ ಕೆರೆದು, ಮತ್ತೆ ಒಣಗಿಸಿ, ಮತ್ತೆ ಬೆಸೆಯಲು ಕೂತರು. ಎರಡನೇ ಸಲ ಹೆಚ್ಚು ಭಯವಂತೆ. ಒಮ್ಮೆ ಕಾದ ತಗಡು ಮತ್ತೆ ಎಷ್ಟು ತಾಳುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಅವರು ಹೇಳಿದ್ದು ಕೆಲಸ ಮುಗಿದ ಮೇಲೆ.

ಮತ್ತೆ ಬಾನಿ. ಮತ್ತೆ ಪಂಪು. ಈ ಸಲ ಮಾಮಾ ಬೀಡಿ ಹಚ್ಚಿ, ಅದು ಮುಗಿಯುವವರೆಗೂ ಕೂಲರನ್ನು ನೀರಿನಲ್ಲೇ ಹಿಡಿದಿದ್ದರು. ಗುಳ್ಳೆ ಬರಲಿಲ್ಲ.

*

ಸೋಮವಾರ ಯುನೂಸ್ ಎಲ್ಲವನ್ನೂ ಜೋಡಿಸಿದ. ಹೊಸ ಪೈಪನ್ನು ಬಿಗಿಯುವ ಮೊದಲು ಎಂಜಿನ್ ಅಲುಗಿಸಿ ನೋಡಿದ. ಪೈಪು ಬಳುಕಿತು, ಮೂತಿ ಅಲುಗಲಿಲ್ಲ. ಇನ್ನೊಂದು ಬದಿಯ ಪೈಪೂ ಟ್ರಾಲಿಯದೇ ಆಗಿತ್ತು. (ಹೋದ ವರ್ಷ ನಾನು ಎರಡು ತಂದಿದ್ದೆ, ಒಂದೇ ಯಾಕೆ ಎಂದು.) ಕೇಳದೆಯೇ ಅದನ್ನೂ ತೆಗೆದ. ನಿಪ್ಪಾಣಿಯಲ್ಲೇ ಒಂದು ಮೆತ್ತನೆಯ ಪೈಪು ಹುಡುಕಿ ತಂದ.

ಮಂಗಳವಾರ ನಾನೂ ಕಾರಿನಲ್ಲಿ ಕೂತೆ. ಕಣ್ಣು ಮೀಟರಿನ ಮೇಲೆ. ಆರೋಹಿ ಬಿಲ್ಲೆ ಹಾಕಿಸಿಕೊಂಡಿರಲಿಲ್ಲ, ಅದು ವೈನಿಯ ಪರ್ಸಿನಲ್ಲಿತ್ತು. ಅಕ್ಕೋಳದಿಂದ ಹೊರಟು ನಿಪ್ಪಾಣಿ ದಾಟಿದೆವು. ಹೈವೇಗೆ ಬಂದ ಮೇಲೆ ವೈನಿ ಗಾಡಿ ಬದಿಗೆ ನಿಲ್ಲಿಸಿ, ಹಿಂದೆ ತಿರುಗಿ, ಬಿಲ್ಲೆಯನ್ನು ಅಂಗೈ ಮೇಲಿಟ್ಟು ಚಾಚಿದರು. ಹಾಕಲಿಲ್ಲ, ಚಾಚಿದರು ಅಷ್ಟೇ. ಮಗು ಅದನ್ನು ನೋಡಿತು, ಕಿಟಕಿ ನೋಡಿತು, ನನ್ನನ್ನು ನೋಡಿತು. ನಾನು ಬಾಯಿ ತೆರೆದೆ. ವೈನಿ ಬೆರಳೆತ್ತಿ ನನ್ನನ್ನು ಸುಮ್ಮನಿರಿಸಿದರು. ಕೊನೆಗೆ ಆರೋಹಿ ತಾನೇ ತೆಗೆದುಕೊಂಡು ತಲೆಗೆ ಹಚ್ಚಿಕೊಂಡಳು. ಮೊದಲ ಸಲ ಜಾಗ ತಪ್ಪಿತು, ಎರಡನೇ ಸಲ ಕೂತಿತು.

ಘಾಟ್ ಹತ್ತುವಾಗ ಕೆಂಪು ದೀಪ ಹತ್ತಲಿಲ್ಲ. ಏರು ಮುಗಿದ ಕೂಡಲೇ ವೈನಿ ಬಾನೆಟ್ ಎತ್ತಿ, ಕರ್ಚೀಫಿನಿಂದ ಹೊಸ ಮೂತಿಯ ಸುತ್ತ ಒರೆಸಿ, ಬಟ್ಟೆಯನ್ನು ನನ್ನ ಮುಖದ ಮುಂದೆ ಹಿಡಿದರು. ಒಣಗಿತ್ತು.

ಇದನ್ನು ಬರೆಯುವ ಹೊತ್ತಿಗೆ ಕಾರು ತವಂದಿ ಘಾಟನ್ನು ಆರು ಸಲ ಹತ್ತಿದೆ. ಆರೂ ಸಲ ಕರ್ಚೀಫು ಒಣಗಿತ್ತು ಎಂದು ವೈನಿ ಹೇಳಿದ್ದಾರೆ. ಮೊನ್ನೆ ಶುಕ್ರವಾರ ಮರಳಿ ಬರುವಾಗ, ಇಳಿಜಾರಿನಲ್ಲಿ ಮುಂದಿನ ಲಾರಿ ತೀರ ಹತ್ತಿರ ಬಂದಾಗ, ಹಿಂದಿನ ಸೀಟಿನಿಂದ ಆರೋಹಿ ಎರಡು ಶಬ್ದಗಳನ್ನು ಜೋಡಿಸಿ ಹೇಳಿದಳು. ಎರಡು ಶಬ್ದ ಜೋಡಿಸಿದ್ದು ಇದೇ ಮೊದಲು. ಹೇಳಿದ್ದು: ‘ಅಜ್ಜಿ, ಸಾವಕಾಶ.’